ಮೂರು ಕಣ್ಣಿನ ಅಜ್ಜ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣಯ್ಯ ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟ. ಅಣ್ಣಯ್ಯ ಅಂದರೆ ನನ್ನ ದೊಡ್ಡಪ್ಪನ ಮಗ. ಸೊರಬದಲ್ಲಿ ಅಡಿಕೆ, ಶುಂಠಿ ವ್ಯಾಪಾರ. "ತಮ್ಮಾ, ಇದ್ರಲ್ಲಿ ನಮ್ಮ ಮನೆತನದ ಪುಸ್ತಕ ಇದೆ. ನೀನು ಕಂಪ್ಯೂಟರ್ ಓದಿದವ. ಸ್ವಲ್ಪ ಚಂದ ಮಾಡಿ ಕೊಡು. ಮಗಳ ಮದುವೇಲಿ ತಾಂಬೂಲದ ಜೊತೆ ಎಲ್ಲರಿಗೂ ಒಂದೊಂದು ಕೊಡದು" ಅಂದ. ಬಿ.ಇ. ಮಾಡಿದವನಿಗೆ ಊರಲ್ಲಿ ಮೊಬೈಲ್ ರಿಪೇರಿಯಿಂದ ಹಿಡಿದು ಪುಸ್ತಕ ವಿನ್ಯಾಸದವರೆಗೆ ಎಲ್ಲವೂ ಬರಬೇಕು. ಬರಲ್ಲ ಅಂದರೆ ಅಷ್ಟು ಫೀಸು ಕಟ್ಟಿ ಓದಿದ್ದು ಯಾಕೆ ಅಂತಾರೆ. ತಗೊಂಡು ಬಂದೆ.

ಒಟ್ಟು 48 ಪುಟ. ಮೊದಲ ಪುಟದಲ್ಲಿ ನಮ್ಮ ಪೂರ್ವಜರು ಕೆಳದಿ ಸಂಸ್ಥಾನದಲ್ಲಿ ಸೇನಾಧಿಪತಿಗಳಾಗಿದ್ದರು ಅಂತಿದೆ. ಎರಡನೇ ಪುಟದಲ್ಲಿ ಕತ್ತಿ ಎತ್ತಿ ಹಿಡಿದ ಕುದುರೆ ಸವಾರನ ಚಿತ್ರ. ಇಂಟರ್ನೆಟ್ಟಿನಿಂದ ಇಳಿಸಿದ್ದು. ಪೇಟ, ಮೀಸೆ ನೋಡಿದರೆ ಪಕ್ಕಾ ರಾಜಸ್ಥಾನದವನು. ಮೂರನೇ ಪುಟಕ್ಕೆ ನಮ್ಮ ಮುತ್ತಜ್ಜ ಬರುತ್ತಾನೆ. ಕೆಳದಿಯ ರಾಜ್ಯ ಹೈದರಾಲಿಯ ಕೈಗೆ ಹೋಗಿದ್ದು 1763ರಲ್ಲಿ. ಅಂದರೆ ಎರಡನೇ ಪುಟಕ್ಕೂ ಮೂರನೇ ಪುಟಕ್ಕೂ ನಡುವೆ ನೂರೈವತ್ತು ವರ್ಷ ಖಾಲಿ ಬಿದ್ದಿದೆ. ನಂತರ ಅಜ್ಜನ ಫೋಟೋ, ಕೆಳಗೆ "ಜಮೀನುದಾರರು, ಪ್ರಗತಿಪರ ಕೃಷಿಕರು."

"ಅಣ್ಣಯ್ಯ, ಅಜ್ಜ ಗೇಣಿ ಮಾಡ್ತಿದ್ದನಲ್ಲ?" ಅಂತ ಫೋನಲ್ಲಿ ಕೇಳಿದೆ.

"ಅದೆಲ್ಲ ಎಂಥಕ್ಕೆ ಬರಿಯದು ಮಾರಾಯ. ಬೀಗರು ಓದ್ತಾರೆ."

ಹಾಗಾಗಿ ಇದೊಂದು ಪುಸ್ತಕ ವಿಮರ್ಶೆ. ಎರಡು ಕೃತಿಗಳನ್ನು ಒಟ್ಟಿಗೆ ಓದುತ್ತೇನೆ. ಒಂದು ಅಣ್ಣಯ್ಯನದು, ಇನ್ನೂ ಅಚ್ಚಾಗಿಲ್ಲ. ಇನ್ನೊಂದು ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿದೆ. ಅದು ಕಲ್ಲಿನ ಮೇಲೆ ಅಚ್ಚಾಗಿ ಸುಮಾರು 1,550 ವರ್ಷ ಆಯಿತು. ಎರಡರ ವಿಷಯವೂ ಒಂದೇ: ನಮ್ಮ ಮನೆತನ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ನನಗೆ ಮೊದಲು ಹಾಕಿದವರು ಊರಿನವರಲ್ಲ. ಆನ್‌ಸೈಟ್ ಅಂತ ಎಂಟು ತಿಂಗಳು ಇಂಗ್ಲೆಂಡಿನಲ್ಲಿದ್ದಾಗ ತಂಡದ ಹಿರಿಯರೊಬ್ಬರು ಭಾನುವಾರ ಚಹಾಕ್ಕೆ ಕರೆದಿದ್ದರು. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ಊಟದ ಮೇಜಿನ ತುಂಬ ಕಾಗದ ಹರವಿಕೊಂಡಿದ್ದರು. ಹದಿನೇಳನೇ ಶತಮಾನದಲ್ಲಿ ಸಾಮರ್‌ಸೆಟ್ ಕಡೆಯ ಒಂದು ಸಣ್ಣ ಪೇಟೆಯಲ್ಲಿ ವಕೀಲನಾಗಿದ್ದ ತಮ್ಮ ಪೂರ್ವಜನನ್ನು ಅವರು ಹುಡುಕುತ್ತಿದ್ದರು. ದೊಡ್ಡ ಮನುಷ್ಯನೇನಲ್ಲ. ಹಳ್ಳಿಯವರ ಜಮೀನು ಪತ್ರ, ಉಯಿಲು, ಬೇಲಿ ಜಗಳ ನೋಡಿಕೊಂಡಿದ್ದವನು. ನಮ್ಮ ಕಡೆ ತಾಲ್ಲೂಕು ಕೋರ್ಟಿನ ಎದುರು ಟೈಪ್‌ರೈಟರ್ ಅಂಗಡಿ ಪಕ್ಕ ಬೋರ್ಡು ಹಾಕಿಕೊಂಡಿರುತ್ತಾರಲ್ಲ, ಆ ಥರ.

ಅಂಥವನನ್ನು ಹುಡುಕಲು ಅಲ್ಲಿ ಎಷ್ಟು ದಾರಿ ನೋಡಿ. 1538ರಿಂದ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದನ್ನು ಬರೆದಿಡಬೇಕು ಅಂತ ಅರಸನ ಕಡೆಯಿಂದ ಆಜ್ಞೆ ಇತ್ತು. ಲಂಡನ್ನಿನ 'ಇನ್ಸ್ ಆಫ್ ಕೋರ್ಟ್'ಗೆ ಕಾನೂನು ಓದಲು ಸೇರಿದರೆ ಪ್ರವೇಶದ ಪುಸ್ತಕದಲ್ಲಿ ಅಪ್ಪನ ಹೆಸರು, ಊರು ಬೀಳುತ್ತಿತ್ತು. 1662ರಿಂದ 1689ರವರೆಗೆ ಮನೆಯಲ್ಲಿ ಎಷ್ಟು ಒಲೆ ಇವೆ ಎಂದು ಎಣಿಸಿ ತೆರಿಗೆ ಹಾಕುತ್ತಿದ್ದರು, ಅದರ ಪಟ್ಟಿಗಳೂ ಇವೆ. ಸತ್ತರೆ ಉಯಿಲು ಧರ್ಮಪೀಠದ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಇದರ ಮೇಲೆ, ಯಾರು ನಿಜಕ್ಕೂ ಕುಲೀನರು ಎಂದು ಪರೀಕ್ಷಿಸಲು ಅರಸನ ವಂಶಾವಳಿ ಅಧಿಕಾರಿಗಳು 1688ರವರೆಗೆ ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದರು.

ಆ ಅಧಿಕಾರಿಗಳ ಮುಂದೆ ಈ ವಕೀಲ, ತನ್ನ ಮೂಲಪುರುಷ 1066ರಲ್ಲಿ ವಿಲಿಯಂ ದೊರೆಯ ಜೊತೆ ಸಮುದ್ರ ದಾಟಿ ಬಂದವನು ಅಂದಿದ್ದನಂತೆ. ಪೇಟೆಯ ಗುತ್ತಿಗೆ ಕಾಗದ ತೆಗೆದು ನೋಡಿದರೆ ಅವನ ಅಜ್ಜ ಚರ್ಮ ಹದ ಮಾಡುವವನು. ಹೇಳುವಾಗ ಹಿರಿಯರ ಮುಖದಲ್ಲಿ ಒಂಚೂರೂ ಬೇಸರವಿಲ್ಲ. "ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ" ಅಂದರು. ಆಮೇಲೆ ಚಹಾ ಬಗ್ಗಿಸುತ್ತಾ, "ನಿಮ್ಮ ಮನೆತನ?" ಅಂತ ಕೇಳಿದರು. ಅಜ್ಜನ ಅಪ್ಪನ ಹೆಸರು ಹೇಳಿದೆ. ಮುಂದೆ ಏನೂ ಇರಲಿಲ್ಲ. ಬಿಸ್ಕತ್ತು ತಿಂದೆ.

ಆ ವಕೀಲನ ಸಮಕಾಲೀನ ನಮ್ಮ ಕಡೆ ಯಾರು ಅಂತ ಆಮೇಲೆ ಯೋಚಿಸಿದ್ದೇನೆ. ಶಾನುಭೋಗ. ಅದಕ್ಕೂ ಹಿಂದಿನ ಶಾಸನಗಳಲ್ಲಿ ಅವನೇ ಸೇನಬೋವ. ಹದಿನೇಳನೇ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಗದ್ದೆ ತೋಟಗಳಿಗೆ ಕಂದಾಯ ಗೊತ್ತುಮಾಡಿದ. ಶಿವಪ್ಪ ನಾಯಕನ ಶಿಸ್ತು ಅಂತ ಇವತ್ತಿಗೂ ಹೇಳುತ್ತೇವೆ. ಆ ಲೆಕ್ಕ ಹಳ್ಳಿಹಳ್ಳಿಯಲ್ಲಿ ಯಾರದೋ ಕೈಯಲ್ಲಿ ಇರಬೇಕಲ್ಲ. ಆಗ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯುವುದು. ಆಫೀಸಿನ ಫೈಲಿಗೆ ನಾವು ಕಡತ ಅನ್ನುವುದು ಅಲ್ಲಿಂದಲೇ ಬಂತು. ಕಡತಕ್ಕೆ ಒಂದು ಗುಣವಿದೆ. ಒರೆಸಿ ಮತ್ತೆ ಬರೆಯಬಹುದು.

ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಯಾದ 1963ರವರೆಗೂ ಹಾಗೇ ನಡೆಯಿತು. ಹಾಗಾಗಿ ಶಾನುಭೋಗರ ಮನೆಯವರು ತಲೆಮಾರುಗಳನ್ನು ಹಿಂದಕ್ಕೆ ಎಣಿಸುತ್ತಾ ಹೋಗಬಲ್ಲರು. ಲೇಖನಿ ಯಾರ ಕೈಲಿತ್ತೋ ಅವರ ಅಜ್ಜಂದಿರು ಕಾಗದದ ಮೇಲೆ ಉಳಿದರು. ನಮ್ಮದು ದೀವರ ಮನೆ. ನಮ್ಮ ಕೈಲಿ ಇದ್ದದ್ದು ಗುದ್ದಲಿ. ನಮ್ಮವರಿಗೆ ಹಳೇಪೈಕರು ಅಂತಲೂ ಹೆಸರಿದೆ. ಪೈಕ ಅಂದರೆ ಪಾಯಕ, ಕಾಲಾಳು ಅಂತ ಬಿಡಿಸಿ ಹೇಳುವವರಿದ್ದಾರೆ. ಅಣ್ಣಯ್ಯನ ಸೇನಾಧಿಪತಿ ಹುಟ್ಟಿದ್ದು ಇಲ್ಲಿ. ಅದನ್ನು ಒಪ್ಪಿದರೂ ಕಾಲಾಳಿಗೆ ಕುದುರೆ ಎಲ್ಲಿಂದ ಬಂತು?

ಕುದುರೆಯ ಮಾತು ಬಂದಿದ್ದಕ್ಕೆ ತಾಳಗುಂದಕ್ಕೆ ಹೋಗೋಣ.

ಶಿರಾಳಕೊಪ್ಪದ ಹತ್ತಿರದ ಊರು. ಬಳ್ಳಿಗಾವಿ ನೋಡಲು ಹೋದವರು ಬಹಳ ಮಂದಿ ಇಲ್ಲಿಗೆ ಬರದೆ ವಾಪಸ್ ಹೋಗುತ್ತಾರೆ. ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಂಬ ಇದೆ. ಅದರ ಮೇಲೆ ಸಂಸ್ಕೃತದಲ್ಲಿ 34 ಪದ್ಯಗಳ ಒಂದು ಕಾವ್ಯ. ಕದಂಬರ ಶಾಂತಿವರ್ಮನ ಕಾಲದ್ದು, ಐದನೇ ಶತಮಾನ. ಬರೆದ ಕವಿ ಕುಬ್ಜ. ತಾನೇ ರಚಿಸಿ ತಾನೇ ಕಲ್ಲಿನ ಮೇಲೆ ಬರೆದೆ ಎಂದು ಕೊನೆಗೆ ಹೇಳಿಕೊಳ್ಳುತ್ತಾನೆ. 1902ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟದಲ್ಲಿ ಇದರ ಪಾಠ ಇದೆ. ನನಗೆ ಸಂಸ್ಕೃತ ಬರಲ್ಲ. ಅನುವಾದ ಫೋನಿನಲ್ಲಿ ಇಟ್ಟುಕೊಂಡು ಕಂಬದ ಕೆಳಗೆ ಕೂತು ಓದಿದೆ.

ಬರೆಸಿದ ಸಂದರ್ಭ ಒಂದು ಕೆರೆ. ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮ ಇಲ್ಲಿನ ಶಿವಾಲಯಕ್ಕೆ ಕೆರೆ ಕಟ್ಟಿಸಿದ್ದ. ಅದನ್ನು ಹೇಳುವ ನೆಪದಲ್ಲಿ ಕುಬ್ಜ ಇಡೀ ಮನೆತನದ ಕಥೆ ಹೇಳುತ್ತಾನೆ. ಅಲ್ಲಿಗೆ ಅದು ಮನೆತನದ ಪುಸ್ತಕವೇ. ಅಣ್ಣಯ್ಯನಿಗೆ ಮಗಳ ಮದುವೆ, ಶಾಂತಿವರ್ಮನಿಗೆ ಅಪ್ಪನ ಕೆರೆ.

ಈಗ ಕುಬ್ಜ ಏನು ಹೇಳುತ್ತಾನೆ ನೋಡಿ. ಈ ಮನೆಯವರು ಓದು, ಯಜ್ಞ ಅಂತ ಇದ್ದ ಬ್ರಾಹ್ಮಣರು. ಮನೆಯ ಹತ್ತಿರ ಒಂದು ಕದಂಬ ಮರ ಇತ್ತು. ಅದನ್ನು ನೀರು ಹಾಕಿ ಬೆಳೆಸಿದ್ದರಿಂದ ಮನೆತನಕ್ಕೆ ಅದೇ ಹೆಸರು ಬಂತು. ಅಷ್ಟೇ. ನಮ್ಮ ಊರಲ್ಲಿ 'ಹುಣಸೆಮರದ ಮನೆಯೋರು' ಅಂತ ಕರೆಯುವ ಹಾಗೆ. ಆ ಮನೆಯ ಹುಡುಗ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಎಷ್ಟು ಓದಿದರೂ ಆಯುಧ ಹಿಡಿದವನ ಎದುರು ತನಗೆ ಬೆಲೆ ಇಲ್ಲವಲ್ಲ ಎಂದು ನೊಂದ ಅವನು ಓದು ಬಿಟ್ಟು ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ, ಸುತ್ತಲಿನವರಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ರಾಜಿಯಾಗಿ ರಾಜ್ಯ ಕೊಟ್ಟರು. ಮುಂದಿನ ತಲೆಮಾರಿನಿಂದ ಹೆಸರಿನ ಕೊನೆಯ 'ಶರ್ಮ' ಹೋಗಿ 'ವರ್ಮ' ಆಗುತ್ತದೆ.

ಇದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಕತ್ತಿ ಅಲ್ಲ, ಆ ಜಗಳ. ಕುಬ್ಜ ಆಸ್ಥಾನದ ಋಣದಲ್ಲಿದ್ದ ಕವಿ. ರಾಜನ ಮೂಲಪುರುಷ ಪರ ಊರಿನಲ್ಲಿ, ಓದುವ ಹುಡುಗನಾಗಿ, ಒಬ್ಬ ಸವಾರನ ಎದುರು ಸಣ್ಣವನಾದ ಎಂದು ಕಲ್ಲಿನ ಮೇಲೆ ಬರೆಯುವ ಅಗತ್ಯ ಏನಿತ್ತು? ಜಗಳ ಕೈಬಿಟ್ಟು ನೇರ ಕತ್ತಿಗೆ ಬರಬಹುದಿತ್ತು. ಆದರೆ ಅವಮಾನ ತೆಗೆದರೆ ಕತ್ತಿ ಯಾಕೆ ಬಂತು ಅನ್ನುವುದೇ ತಿಳಿಯುವುದಿಲ್ಲ. ಬೆಂಗಳೂರಿಗೆ ಬಂದ ಮೊದಲ ವರ್ಷ ಮೀಟಿಂಗಿನಲ್ಲಿ ನನ್ನ ಇಂಗ್ಲಿಷ್ ಕೇಳಿ ನಕ್ಕವರ ಮುಖ ನನಗೆ ಇನ್ನೂ ನೆನಪಿದೆ. ಕಂಚಿಯ ಜಗಳ ಅರ್ಥವಾಗಲು ನನಗೆ ಟಿಪ್ಪಣಿ ಬೇಕಾಗಲಿಲ್ಲ.

ಮುಂದಿನ ಕಥೆ ಇನ್ನೂ ಮಜಾ ಇದೆ. ಸುಮಾರು ಆರುನೂರು ವರ್ಷ ಕಳೆದ ಮೇಲೆ ಹಾನಗಲ್ಲಿನಲ್ಲಿ, ಗೋವಾದಲ್ಲಿ ಕದಂಬರೆಂದು ಹೇಳಿಕೊಂಡ ಅರಸರಿದ್ದರು. ಅವರ ಶಾಸನಗಳಲ್ಲಿ ಮೂಲಪುರುಷ ಬದಲಾಗಿದ್ದಾನೆ. ಶಿವನ ಬೆವರಿನ ಹನಿ ಕದಂಬ ಮರದ ಬುಡಕ್ಕೆ ಬಿದ್ದು ಹುಟ್ಟಿದವನು, ಹಣೆಗಣ್ಣು ಇದ್ದವನು, ತ್ರಿಲೋಚನ ಕದಂಬ. ಕನ್ನಡದಲ್ಲಿ ಮುಕ್ಕಣ್ಣ ಕದಂಬ. ಅಹಿಚ್ಛತ್ರದಿಂದ ಸಾವಿರಾರು ಬ್ರಾಹ್ಮಣರನ್ನು ಕರೆತಂದು ತಾಳಗುಂದದಲ್ಲಿ ನೆಲೆಗೊಳಿಸಿದವನೂ ಈ ಮುಕ್ಕಣ್ಣನೇ ಅಂತ ಆ ಊರಿನದೇ ನಂತರದ ಶಾಸನ ಹೇಳುತ್ತದೆ. ಮರ ಉಳಿಯಿತು. ಓದುವ ಹುಡುಗ ಹೋದ. ಕಂಚಿ ಹೋಯಿತು, ಕುದುರೆ ಸವಾರನೂ ಹೋದ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಕಮಿಟ್ ಹಿಸ್ಟರಿ ಅಳಿಸಿ ಫೋರ್ಸ್ ಪುಶ್ ಮಾಡಿದ ಹಾಗೆ. ಕೋಡ್ ಓಡುತ್ತದೆ, ಆದರೆ ಆ ಸಾಲು ಯಾಕೆ ಬಂತು ಅಂತ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಉಳಿದದ್ದು ಒಂದೇ ಪುಣ್ಯ, ಹಳೆಯ ಪ್ರತಿ ಕಲ್ಲಿನ ಮೇಲಿತ್ತು, ಕಡತದಲ್ಲಿ ಇರಲಿಲ್ಲ.

ಕಾಲಕ್ಕೆ ಹತ್ತಿರ ಇದ್ದವನು ಅಜ್ಜನಿಗೆ ಎರಡೇ ಕಣ್ಣು ಇಟ್ಟ, ದೂರ ಇದ್ದವರು ಮೂರನೆಯದನ್ನು ಸೇರಿಸಿದರು. ಇಂಗ್ಲಿಷ್ ವಕೀಲ ಮಾಡಿದ್ದೂ ಅದೇ. ಅವನ ವಿಲಿಯಂ ದೊರೆಯ ಹಡಗು, ತಾಳಗುಂದದ ಅಹಿಚ್ಛತ್ರ, ನಮ್ಮ ಅಣ್ಣಯ್ಯನ ಕೆಳದಿ ಸೇನೆ ಒಂದೇ ಜಾತಿಯ ಸರಕು. ಹತ್ತಿರದ ಅಜ್ಜನ ಬಗ್ಗೆ ನಾಚಿಕೆಯಾದಾಗ ದೂರದ ಅಜ್ಜ ಹುಟ್ಟಿಕೊಳ್ಳುತ್ತಾನೆ.

ಹಾಗಂತ ಕುಬ್ಜನಿಗೆ ಪೂರ್ತಿ ಅಂಕ ಕೊಡಲಾರೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರಿಗೂ ಬೇರೆ ಅರಸರಿಗೂ ಮದುವೆ ಮಾಡಿಕೊಟ್ಟದ್ದನ್ನು ಹೆಮ್ಮೆಯಿಂದ ಹೇಳುತ್ತಾನೆ. ಆ ಹುಡುಗಿಯರ ಹೆಸರು ಹೇಳುವುದಿಲ್ಲ. ಅಳಿಯಂದಿರ ಅಂತಸ್ತು ಬಂತು, ಮಗಳು ಬರಲಿಲ್ಲ. ಕಪ್ಪ ಕೊಟ್ಟವರ ಕಡೆಯ ಮಾತೂ ಇಲ್ಲ. ಹೆಸರಿನ ವಿಷಯದಲ್ಲಿ ಸೊರಬ, ಶಿಕಾರಿಪುರದ ವೀರಗಲ್ಲುಗಳು ಹೆಚ್ಚು ಉದಾರಿಗಳು. ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಹೆಸರು, ಕೆಲವೊಮ್ಮೆ ಅಪ್ಪನ ಹೆಸರು, ಊರು. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಆದರೆ ಹೆಸರು ಸಿಗಬೇಕಾದರೆ ಅಲ್ಲಿ ಸಾಯಬೇಕು. ಬದುಕಿ ಗದ್ದೆ ನೆಟ್ಟವರಿಗೆ ಕಲ್ಲಿಲ್ಲ.

ವಂಶದ ಹೆಮ್ಮೆಯನ್ನು ಒಳಗಿಂದ ಬಿಚ್ಚಿದ ಕನ್ನಡ ಪುಸ್ತಕ ಅಂದರೆ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ', 1965ರದ್ದು. ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಯರಿಗೆ ತಮ್ಮ ಹುಟ್ಟೇ ಆ ವಂಶದ್ದಲ್ಲ ಎಂದು ಇಳಿವಯಸ್ಸಿನಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಸೊಸೆ ಕಾತ್ಯಾಯಿನಿ ಆ ವಂಶದ ಹೆಸರಿನಲ್ಲಿ ತೆರಬೇಕಾದ್ದನ್ನೆಲ್ಲ ತೆತ್ತಾಗಿದೆ. ಹಾಸ್ಟೆಲಿನಲ್ಲಿ ಓದಿದಾಗ ಇದು ದೊಡ್ಡ ಮನೆಯವರ ಸಂಕಟ, ಕಳೆದುಕೊಳ್ಳಲು ವಂಶ ಇದ್ದವರದ್ದು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ವಂಶ ಇಲ್ಲದವರೂ ಒಂದನ್ನು ಕೊಂಡು ತರುತ್ತಾರೆ, ಅದರ ಬೆಲೆಯನ್ನೂ ಮನೆಯೊಳಗಿನ ಯಾರೋ ಕೊಡುತ್ತಾರೆ.

ಇಷ್ಟೆಲ್ಲ ಅಣ್ಣಯ್ಯನಿಗೆ ಹೇಳಿದೆ. ತಾಳಗುಂದದ ಕಥೆ ಪೂರ್ತಿ ಕೇಳಿಸಿಕೊಂಡು ಅವನು ಒಂದು ಮಾತು ಹೇಳಿದ. ನನ್ನ ವಿಮರ್ಶೆಗೆ ಇದಕ್ಕಿಂತ ಗಟ್ಟಿ ಆಕ್ಷೇಪ ಸಿಗಲಾರದು.

"ಅವ್ರಿಗೆ ರಾಜ್ಯ ಸಿಕ್ತು ತಮ್ಮಾ. ರಾಜ್ಯ ಸಿಕ್ಕಿದ ಮೇಲೆ ಅವಮಾನ ಹೇಳ್ಕೊಂಡ್ರೆ ಚಂದ ಕಾಣ್ತದೆ. ನಮ್ಗೆಂಥ ಸಿಕ್ತು?"

ಉತ್ತರ ಇರಲಿಲ್ಲ. ಹುಡುಕಿಕೊಂಡು ತಾಲ್ಲೂಕು ಕಚೇರಿಗೆ ಹೋದೆ.

ಪಹಣಿ ಎಲ್ಲರೂ ನೋಡಿರುತ್ತೀರಿ. ಒಂಬತ್ತನೇ ಕಾಲಂ ಜಮೀನಿನ ಒಡೆಯನದು, ಹನ್ನೆರಡನೇ ಕಾಲಂ ಸಾಗುವಳಿ ಮಾಡುವವನದು. ಹಳೆಯ ಕೈಬರಹದ ಪಹಣಿಯಲ್ಲಿ ನಮ್ಮ ಅಜ್ಜ ಇರುವುದು ಹನ್ನೆರಡರಲ್ಲಿ. ಒಂಬತ್ತರಲ್ಲಿ ಬೇರೆ ಹೆಸರು. ನಂತರದ ಒಂದು ವರ್ಷ ಅವನು ಒಂಬತ್ತಕ್ಕೆ ಬರುತ್ತಾನೆ. ಪುಟದ ಮೇಲೆ ಒಂದು ಗೇಣು ಎಡಕ್ಕೆ ಸರಿದದ್ದು ಅಷ್ಟೇ. ಆ ಒಂದು ಗೇಣಿನ ಹಿಂದೆ 1951ರ ಕಾಗೋಡು ಸತ್ಯಾಗ್ರಹ ಇದೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಸಾಗರ ಸೀಮೆಯಲ್ಲಿ ನಮ್ಮವರು ಎದ್ದು ನಿಂತದ್ದು. ದೇವರಾಜ ಅರಸು ಕಾಲದ ಭೂಸುಧಾರಣೆ ಇದೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ್ದಾಯಿತು. ಉಳುವವನು ಫಾರಂ ನಂಬರ್ ಏಳು ತುಂಬಿ ಭೂನ್ಯಾಯಮಂಡಳಿ ಮುಂದೆ ತನ್ನದೆಂದು ಸಾಬೀತು ಮಾಡಬೇಕಿತ್ತು.

ಅಜ್ಜನ ಫಾರಂ ಏಳರ ಕಡತ ಸಿಕ್ಕಿತು. ಆಗ ನ್ಯಾಯಮಂಡಳಿ ಮುಂದೆ ವಕೀಲರು ವಾದಿಸುವ ಹಾಗಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 1987ರಲ್ಲಿ. ಹಾಗಾಗಿ ಅಜ್ಜ ತಾನೇ ಮಾತಾಡಬೇಕಾಯಿತು, ಗುಮಾಸ್ತ ಬರೆದುಕೊಂಡ. ಆಫೀಸಿನ ಕನ್ನಡ, ಆದರೂ ಒಳಗಿರುವುದು ಅಜ್ಜ. "ನನ್ನ ತಂದೆಯ ಕಾಲದಿಂದ ಸದರಿ ಜಮೀನು ಗೇಣಿಗೆ ಮಾಡುತ್ತಿದ್ದೇವೆ. ಗೇಣಿಗೆ ರಶೀದಿ ಕೊಟ್ಟಿರುವುದಿಲ್ಲ." ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಕಾನು, ಉತ್ತರಕ್ಕೆ ಹಲಸಿನ ಮರ. ಕೊನೆಯಲ್ಲಿ ಎಡಗೈ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಯಾರೋ ಆಡಿದ ಮಾತು ಕಾಗದಕ್ಕೆ ಬಿದ್ದದ್ದು ಅದೇ ಮೊದಲು ಇರಬೇಕು. ಮೂರೆಕರೆ ಚಿಲ್ಲರೆ ಸಿಕ್ಕಿತು. ಅಪ್ಪ ಹೈಸ್ಕೂಲು ಮುಗಿಸಿದ್ದು, ನಾನು ಬಿ.ಇ. ಮಾಡಿದ್ದು, ಅಣ್ಣಯ್ಯ ಮೊದಲ ಲಾರಿ ಶುಂಠಿ ಕಳಿಸಿದ್ದು ಎಲ್ಲ ಅದರ ಮೇಲೆ.

ಇನ್ನೂ ಒಂದಿದೆ. ಅಣ್ಣಯ್ಯನ ವಂಶವೃಕ್ಷದಲ್ಲಿ ಇರುವವರೆಲ್ಲ ಗಂಡಸರು. ನಮ್ಮ ದೀವರಲ್ಲಿ ಬಳಿ ಬರುವುದು ತಾಯಿಯಿಂದ, ಮದುವೆ ಸಂಬಂಧ ಕೂಡಿಸುವಾಗ ಕೇಳುವುದು ಅದನ್ನೇ. ಹಾಗಾಗಿ ಅತ್ತೆಯನ್ನು ಕೇಳಿದೆ. ಅವಳು ಅಡಿಕೆ ಸುಲಿಯುತ್ತಾ, ತನ್ನ ಅಮ್ಮ, ಅಮ್ಮನ ಅಮ್ಮ, ಅವಳಮ್ಮ, ಅವಳಮ್ಮ ಅಂತ ನಾಲ್ಕು ಹೆಸರನ್ನು ಊರಿನ ಸಮೇತ ಹೇಳಿದಳು. ಕಾಗದದಲ್ಲಿ ನನಗೆ ಸಿಕ್ಕಿದ್ದು ಅಜ್ಜ, ಅವನಪ್ಪ, ಎರಡೇ ತಲೆಮಾರು. ಸಾಮರ್‌ಸೆಟ್ಟಿನ ಹಿರಿಯರು ಈಗ ಚಹಾಕ್ಕೆ ಕರೆದರೆ ಬರಿಗೈಯಲ್ಲಿ ಹೋಗುವುದಿಲ್ಲ.

ಕಡತದ ನಕಲನ್ನು ಅಣ್ಣಯ್ಯನಿಗೆ ಕೊಟ್ಟೆ. ಅಜ್ಜನ ಹೇಳಿಕೆ ಎರಡು ಸಲ ಓದಿದ. ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇದನ್ನ ಹಾಕು. ಆದ್ರೆ ಹಿಂದಿನ ಪುಟದಲ್ಲಿ ಹಾಕು" ಅಂದ. ನಾನು ಮೊದಲ ಪುಟ ಅನ್ನುತ್ತಿದ್ದೇನೆ. ಮದುವೆ ವೈಶಾಖದಲ್ಲಿ. ರಜಪೂತ ಸವಾರನನ್ನು ಇಳಿಸಿದ್ದಾಗಿದೆ. ಅಜ್ಜ ಎಷ್ಟನೇ ಪುಟ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.